ಪ್ರಜ್ಞಾಳ ಒಣಗಿದ ಬಸಳೆ

ದೊಡ್ಡಮ್ಮನಿಗೆ ವನಜಳ ನಮಸ್ಕಾರ. ಅಕ್ಷರ ಓರೆಕೋರೆ, ತಪ್ಪೂ ಇರಬಹುದು, ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಕೆಲಸಕ್ಕಿರುವ ಮನೆಯ ಪ್ರೇಮಾವತಿ ಅಕ್ಕನ ಮಗಳು ಪ್ರಜ್ಞಾ ನೆದರ್ಲೆಂಡ್ಸ್‌ನ ಈ ಊರಿನ ಸಣ್ಣ ಕಾಲೇಜಿನಲ್ಲಿ ಓದುತ್ತಾಳೆ. ಹೋದ ವಾರ ಅಲ್ಲಿ ಮಕ್ಕಳು ತಾವೇ ಮಾಡಿದ ಸಂಶೋಧನೆ ತೋರಿಸಿದರು. ಗೆದ್ದವರಿಗೆ ಇದೇ ದೇಶದ ಮಾಸ್ಟ್ರಿಕ್ಟ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲೂ ತೋರಿಸುವ ಅವಕಾಶ. ಕಾಲುವೆಯ ಕೆಸರಿನಲ್ಲಿ ಬಸಳೆ ಬೆಳೆಯುತ್ತದೆಯೇ ಎಂದು ಇವಳು ನೋಡಿದ್ದಳು. ಗಿಡ ಒಣಗಿತ್ತು. ಅಕ್ಕ ನಾಚಿಕೊಂಡು ಕುಂಡವನ್ನು ಮೇಜಿನಡಿಗೆ ತಳ್ಳಿದರು. ಪ್ರಜ್ಞಾ ಎತ್ತಿ ಎಲ್ಲರ ಮುಂದಿಟ್ಟಳು. "ಅಮ್ಮಾ, ಒಣಗಿದ್ದೇ ನನ್ನ ಉತ್ತರ. ಸೀದ ದೋಸೆಯ ಹಾಗೆ ಅಡಗಿಸಬೇಡ!"

ಮೇಷ್ಟ್ರುಗಳು ಆ ಕುಂಡದ ಮುಂದೆಯೇ ನಿಂತು ಪ್ರಶ್ನೆ ಕೇಳಿದ್ದೇ ಕೇಳಿದ್ದು. ಇವಳು ತಡವರಿಸಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದಳು. ಎಂಥ ಧೈರ್ಯ! ಗೆದ್ದಳು.

ಚಳಿಗೆ ತುಟಿ ಒಡೆದಿದೆ, ಉಳಿದಂತೆ ಆರೋಗ್ಯ. ಕಾಗದದಲ್ಲಿ ಜಾಗ ಮುಗಿಯಿತು. ಮಾಸ್ಟ್ರಿಕ್ಟ್ ರೈಲಿಗೆ ಹೊರಟವಳಿಗೆ ಇವತ್ತು ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಟ್ಟೆ.