ಭಾವನ ಗಡಿಯಾರಕ್ಕೆ ಬೇರೆ ಮಶೀನು

ಕಲಬುರಗಿ
ಆನಂದ ಸಂವತ್ಸರ, ಮಾರ್ಗಶಿರ ಶುದ್ಧ ಪಂಚಮಿ (ಸನ್ ೧೯೧೪)

ಕಮಲಾಪುರದ ನನ್ನ ಅಕ್ಕ ಅಂಬಮ್ಮನ ಪಾದಕ್ಕೆ ತಮ್ಮ ಸೂಗಪ್ಪನ ಶರಣು.

ಶರಣಬಸವೇಶ್ವರರ ದಯದಿಂದ ನಾವಿಲ್ಲಿ ಉಂಡುಟ್ಟು ಚೆನ್ನಾಗಿದ್ದೇವೆ. ನಿಮ್ಮ ಕಡೆ ಜೋಳ ಹೇಗಿದೆ, ನಿನ್ನ ಮೊಣಕಾಲು ನೋವು ಹೇಗಿದೆ, ಬರಿ. ಮಹಾನವಮಿಗೆ ನಾನು ನಿಮ್ಮೂರಿಗೆ ಬಂದಾಗ ನೀನು ಕೊಟ್ಟ ಗಡಿಯಾರವನ್ನು ಎಂಟೇ ದಿನದಲ್ಲಿ ಕಳಿಸುತ್ತೇನೆ ಅಂದಿದ್ದೆ. ದೀಪಾವಳಿ ಹೋಯಿತು, ಕಾರ್ತಿಕವೂ ಮುಗಿಯಿತು. ನೀನು ಬೈದುಕೊಂಡಿದ್ದರೆ ತಪ್ಪು ನಿನ್ನದಲ್ಲ. ಆದರೆ ತಡವಾದದ್ದು ಸೋಮಾರಿತನಕ್ಕಲ್ಲ, ಅಕ್ಕ. ಆ ಗಡಿಯಾರದ ಒಳಗೆ ನಾನು ಕಂಡದ್ದನ್ನು ಹೇಗೆ ಬರೆಯಬೇಕೆಂದೇ ತಿಳಿಯದೆ ಕೂತಿದ್ದೆ.

ನಿನ್ನ ಪತ್ರ ನನ್ನ ಮುಂದೇ ಇದೆ. "ತಮ್ಮಾ, ಅವರು ಹೋದ ಮ್ಯಾಗ ಅದು ದಿಂಬಿನ ಬುಡಕ ಟಿಕ್ ಟಿಕ್ ಅಂತಿತ್ತು, ನಾ ಮಲಗ್ತಿದ್ದೆ. ಈಗ ಕಣ್ಣ ಮುಚ್ಚಂಗಿಲ್ಲ. ಏನರೆ ಮಾಡು, ಅದೇ ಸಪ್ಪಳ ಬರಬೇಕು ನೋಡು" ಎಂದು ಬರೆದಿದ್ದೀಯ. ಭಾವ ನಿನಗೆ ಅಕ್ಷರ ಕಲಿಸಿದ್ದು ಇದಕ್ಕೇ ಏನೋ. ಓದಿ ಕಣ್ಣೀರು ಬಂತು.

ಮೊದಲು ಒಂದು ಮಾತು, ಸಿಟ್ಟಾಗಬೇಡ. ಭಾವ ಹೈದರಾಬಾದಿನಿಂದ ತಂದು ಊರಿಗೆಲ್ಲ ತೋರಿಸಿದ ಲಂಡನ್ ಗಡಿಯಾರ ಲಂಡನ್ನಿನದಲ್ಲ. ದೊಡ್ಡ ಕಂಪನಿಯ ಗಡಿಯಾರ ನೋಡಿ ಇನ್ನಾವುದೋ ದೇಶದಲ್ಲಿ ಮಾಡಿದ ನಕಲು. ಮುಖದ ಮೇಲೆ ಮಾತ್ರ ಲಂಡನ್ ಎಂದು ಬರೆದಿದ್ದಾರೆ. ಭಾವನಿಗೆ ಕೊನೆತನಕ ಗೊತ್ತಾಗಲಿಲ್ಲ, ಪುಣ್ಯ. ಗೊತ್ತಾಗಿದ್ದರೆ ಆ ಅಂಗಡಿಯವನ ಕೊರಳಪಟ್ಟಿ ಹಿಡಿಯಲು ಮತ್ತೆ ಹೈದರಾಬಾದಿಗೆ ಹೋಗುತ್ತಿದ್ದರು.

ನಕಲಿ ಅಂದರೆ ಕಸ ಅಂದುಕೊಳ್ಳಬೇಡ. ಮುಖದ ಮೇಲೆ ಸುಳ್ಳು ಹೆಸರು ಬರೆಯಬಹುದು, ಒಳಗಿನ ಚಕ್ರಕ್ಕೆ ಸುಳ್ಳು ಹಲ್ಲು ಕಡೆಯಲು ಬರುವುದಿಲ್ಲ. ಒಂದು ಹಲ್ಲು ತಪ್ಪಿದರೆ ಅದು ನಡೆಯುವುದೇ ಇಲ್ಲ. ಯಾವ ಕಳ್ಳ ಕಾರ್ಖಾನೆಯಲ್ಲಿ ಕೂತಿದ್ದನೋ, ಆ ಕೆಲಸಗಾರ ಎಳ್ಳಿಗಿಂತ ಸಣ್ಣ ತಿರುಪುಗಳನ್ನು ಎಷ್ಟು ನಿಷ್ಠೆಯಿಂದ ಕೂರಿಸಿದ್ದಾನೆಂದರೆ, ನೋಡಿ ಕೈ ಮುಗಿಯಬೇಕು ಅನ್ನಿಸಿತು.

ಹಿಂದಿನ ಮುಚ್ಚಳ ತೆಗೆದಾಗ ಹಿತ್ತಾಳೆಯ ಬಣ್ಣವೇ ಕಾಣಲಿಲ್ಲ. ಹಲ್ಲು ಹಲ್ಲಿನ ನಡುವೆ ಬಿಳಿ ಬೂದಿ, ಗಾರೆ ಮೆತ್ತಿದಂತೆ ಗಟ್ಟಿಯಾಗಿತ್ತು. ಸೂಜಿಯಿಂದ ಚೂರು ಕೆರೆದು ಮೂಗಿಗೆ ಹಿಡಿದೆ. ವಿಭೂತಿ, ಅಕ್ಕ. ಭಾವ ಲಿಂಗಪೂಜೆ ಮುಗಿಸಿ, ಹಣೆಗೆ ಹಚ್ಚಿಕೊಂಡ ಬೆರಳನ್ನೂ ಒರೆಸದೆ ಗಡಿಯಾರಕ್ಕೆ ಚಾವಿ ಕೊಡುತ್ತಿದ್ದರಲ್ಲ. ಚಾವಿ ಹಾಕುವ ತೂತಿನಿಂದ ದಿನಾ ಒಂದೊಂದು ಕಣ ಒಳಗೆ ಇಳಿದಿದೆ. ಅವರು ಮಾಡಿದ ಅಷ್ಟು ವರ್ಷದ ಪೂಜೆ ಆ ಡಬ್ಬಿಯಲ್ಲಿ ಕೂತಿದೆ.

ಇನ್ನು ಎಣ್ಣೆ. ಅದು ನಿನ್ನ ಕೆಲಸ, ಮುಚ್ಚಿಡಬೇಡ. ಭಾವ ಹೋದ ಮೇಲೆ ಸೋಮವಾರಕ್ಕೊಮ್ಮೆ ದೇವರ ದೀಪಕ್ಕೆ ಕುಸುಬಿ ಎಣ್ಣೆ ಹಾಕುವಾಗ ಇದಕ್ಕೂ ಒಂದು ಹನಿ ಬಿಟ್ಟಿದ್ದೀಯ. ಬಂಡಿಯ ಗಾಲಿ ಅಂತ ತಿಳಿದಿದ್ದೀಯೇನು ಮಹಾರಾಯ್ತಿ? ಅವರ ವಿಭೂತಿ, ನಿನ್ನ ಎಣ್ಣೆ, ಎರಡೂ ಕಲಸಿ ಕಲ್ಲಾಗಿವೆ. ಚಕ್ರದ ಅಚ್ಚುಗಳು ಸವೆದು ಹೋಗಿವೆ. ತೊಳೆದರೂ ಅದು ನಡೆಯುವುದಿಲ್ಲ.

ನಮ್ಮ ಉಸ್ತಾದ್ ಕರೀಂಸಾಬರು ನಿನಗೆ ಗೊತ್ತು, ಈ ವಿದ್ಯೆ ನನಗೆ ಕಲಿಸಿದವರು. ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಅರೆ ಸೂಗಪ್ಪ, ಇದು ಮಶೀನ್ ಅಲ್ಲೋ, ತಬರ್ರುಕ್ ಅದ. ನಮ್ಮ ದರ್ಗಾದಾಗಿನ ಪ್ರಸಾದ ಇರ್ತದಲ್ಲ, ಹಂಗ. ಬ್ರಶ್ ಹಚ್ಚಬ್ಯಾಡ" ಅಂದರು.

"ಹಂಗಾರ ಅಕ್ಕಗ ಏನ್ ಕೊಡ್ಲಿ ಉಸ್ತಾದ್?" ಅಂದೆ.

"ಬ್ಯಾರೆ ಮಶೀನ್ ಹಾಕು. ಡಬ್ಬಿ ಅದೇ ಇರ್ಲಿ, ಮುಖ ಅದೇ ಇರ್ಲಿ. ಆದ್ರ ಸಪ್ಪಳ ನೋಡ್ಕೊಂಡು ಹಾಕು. ಆಕಿ ಮುಖ ನೋಡಂಗಿಲ್ಲ, ಸಪ್ಪಳ ಕೇಳ್ತಾಳ" ಅಂದರು.

ಜರ್ಮನಿಯವರ ಲಡಾಯಿ ಶುರುವಾದಾಗಿನಿಂದ ಮುಂಬೈಗೆ ಸಾಮಾನು ಬರುವುದೇ ನಿಂತಿದೆ. ಅಂಗಡಿಯಲ್ಲಿದ್ದ ಹಳೆಯ ಗಡಿಯಾರಗಳನ್ನೆಲ್ಲ ಬಿಚ್ಚಿ ನೋಡಿದೆ. ಅದೇ ನಕಲಿನ, ಅದೇ ಅಳತೆಯ ಮೂರು ಮಶೀನು ಸಿಕ್ಕವು. ಮೂರನ್ನೂ ತೊಳೆದು ಜೋಡಿಸಿದೆ. ನಿಮ್ಮ ಮನೆಯಲ್ಲಿ ಉಂಡು ಬೆಳೆದವನು ನಾನು. ಭಾವನ ಗಡಿಯಾರದ ನಡಿಗೆ ನನಗೂ ಗೊತ್ತು, ಸ್ವಲ್ಪ ಕುಂಟು, ಎರಡನೆಯ ಪೆಟ್ಟು ಭಾರ. ಒಂದೊಂದನ್ನೂ ಹಲ್ಲಿನಲ್ಲಿ ಕಚ್ಚಿ ಹಿಡಿದು, ಕಣ್ಣು ಮುಚ್ಚಿ ಕೂತು ಹೋಲಿಸಿದೆ. ಕರೀಂಸಾಬರು ನಕ್ಕು, "ಏನಪಾ, ಗಡಿಯಾರ ತಿನ್ಲಾಕತ್ತೀ? ಮನ್ಯಾಗ ರೊಟ್ಟಿ ಹಾಕಿಲ್ಲೇನು?" ಅಂದರು.

ಮೂರನೆಯದು ಕುಂಟಿತು. ಅದನ್ನೇ ಕೂರಿಸಿದೆ. ಚಾವಿ ತಿರುವಿದಾಗ ಒಳಗಿನ ಸಣ್ಣ ಚಕ್ರ ಒಮ್ಮೆ ಅಲುಗಿ ನಿಂತಿತು. ಕೂದಲಿಗಿಂತ ತೆಳುವಾದ ಅದರ ಸುರುಳಿ ತಂತಿ ಬಿಚ್ಚಿತು, ಮತ್ತೆ ಸುತ್ತಿತು. ಆಮೇಲೆ ಚಕ್ರ ತನ್ನಷ್ಟಕ್ಕೆ ತಾನೇ ಓಲಾಡತೊಡಗಿತು. ಇಷ್ಟು ವರ್ಷ ಇದೇ ಕೆಲಸ ಮಾಡಿದರೂ ಆ ಗಳಿಗೆಯಲ್ಲಿ ನಾನು ಉಸಿರು ಬಿಡುವುದನ್ನೇ ಮರೆಯುತ್ತೇನೆ. ಸತ್ತು ಬಿದ್ದ ಹಿತ್ತಾಳೆ ಎದ್ದು ನಡೆಯುತ್ತದಲ್ಲ, ಯಾರು ಕಂಡುಹಿಡಿದರೋ ಈ ಮಾಯೆಯನ್ನು.

ಗಡಿಯಾರವನ್ನು ಮಹಾಗಾಂವದ ಅಂಬಣ್ಣನ ಕೈಯಲ್ಲಿ ಕಳಿಸಿದ್ದೇನೆ. ತೊಗರಿ ಮಾರಲು ಬಂದಿದ್ದ, ನಿಮ್ಮ ಊರಿಗೂ ಬರುತ್ತಾನೆ. ಹಳೆಯ ಮಶೀನು ಬಿಳಿ ಬಟ್ಟೆಯ ಗಂಟಿನಲ್ಲಿ ಬೇರೆ ಇದೆ. ತೊಳೆಯಬೇಡ, ದೇವರ ಜಗುಲಿಯ ಮೇಲಿಡು. ಹೊಸದಕ್ಕೆ ಎಣ್ಣೆ ಹಾಕಿದೆಯೋ, ನನ್ನ ನಿನ್ನ ಮಾತು ಬಂದ್. ಕೈ ತೊಳೆದು, ಒರೆಸಿ, ಆಮೇಲೆ ಚಾವಿ ಕೊಡು.

ನಿನ್ನ ಮಗಳು ಜಯದೇವಿಗೆ ನನ್ನ ಆಶೀರ್ವಾದ. ಆಕೆಗೆ ಒಳ್ಳೆಯ ಮನೆ ಸಿಗಲಿ, ನಿನಗೆ ಒಳ್ಳೆಯ ನಿದ್ದೆ ಬರಲಿ. ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ನಿನ್ನ ತಮ್ಮ
ಸೂಗಪ್ಪ

ತಾ.ಕ.: ಇದನ್ನು ಜಯದೇವಿಗೆ ಓದಿ ಹೇಳಬೇಡ. ಅಕ್ಕ, ನನಗೆ ಸಣ್ಣ ಸಪ್ಪಳ ಕೇಳಿಸುವುದಿಲ್ಲ. ಹೋದ ಬೇಸಿಗೆಯಿಂದ ಗಡಿಯಾರದ ಟಿಕ್ ಟಿಕ್ ನಿಂತೇ ಹೋಗಿದೆ. ಅದಕ್ಕೇ ಹಲ್ಲಿನಲ್ಲಿ ಹಿಡಿಯುತ್ತೇನೆ. ಪೆಟ್ಟು ಎಲುಬಿಗೆ ತಿಳಿಯುತ್ತದೆ, ದನಿ ತಿಳಿಯುವುದಿಲ್ಲ. ಕರೀಂಸಾಬರಿಗೆ ಹೇಳಿಲ್ಲ. ಗಂಡಸರ ದಪ್ಪ ದನಿ ಇನ್ನೂ ಕೇಳುತ್ತದೆ, ಹೆಂಗಸರದು ಹೋಗಿದೆ. ಅದೇ ಸಪ್ಪಳ ಹೌದೋ ಅಲ್ಲವೋ ನೀನೇ ಕೇಳಿ ಬರಿ. ಅಲ್ಲವಾದರೆ ಅಲ್ಲ ಎಂದೇ ಬರಿ. ಮಹಾನವಮಿಗೆ ಬಂದು ನಾನು ಹೊರಟಾಗ ನೀನು ಬಂಡಿಯ ಹತ್ತಿರ ನಿಂತು, ನನ್ನ ಕೈ ಹಿಡಿದುಕೊಂಡು ಏನೋ ಹೇಳಿದೆ. ನಾನು ಹೂಂ ಎಂದು ನಕ್ಕೆ. ನೀನು ಅಳುತ್ತಿದ್ದೆ. ಏನು ಹೇಳಿದೆ ಅಕ್ಕ? ಬರೆದು ಕಳಿಸು.