ಬಳ್ಳಿ ಬುಡಕ್ಕೆ ಬೋರ್ಡೋ

೧೪ ಆಗಸ್ಟ್, ಗುರುವಾರ. ಸಾಸ್ವೆಹಳ್ಳಿ.

ಬೈಯಲೂ ಆಗಲಿಲ್ಲ. ಅದೇ ಎದೆಯಲ್ಲಿ ಕುಳಿತಿದೆ.

ಹಿತ್ತಲಿನ ವೀಳ್ಯದೆಲೆ ಬಳ್ಳಿಯ ಬುಡ ಕೊಳೆಯತೊಡಗಿದಾಗ ಕೊಳೆರೋಗ ತಡೆಯುವ ಒಳ್ಳೆಯ ಬ್ಯಾಕ್ಟೀರಿಯಾದ ಪುಡಿ ತಂದು, ಗೊಬ್ಬರಕ್ಕೆ ಬೆರೆಸಿ, ಒದ್ದೆ ಗೋಣಿಚೀಲ ಹೊದಿಸಿ ಕೂಸಿನಂತೆ ಕಾದೆ. ಬುಡಕ್ಕೆ ಹಾಕಿದ ಮೇಲೆ ಚಿಗುರೂ ಕಂಡಿತ್ತು.

ಸಂಜೆ ಯಜಮಾನರು ತೋಟದಿಂದ ಬಂದರು. ಕೈಯೆಲ್ಲ ಬೋರ್ಡೋ ಔಷಧಿಗೆ ಸುಣ್ಣದ ಜೊತೆ ಕಲಸಿದ ಮೈಲುತುತ್ತಿನ ನೀಲಿ.

"ಅಡಿಕೆಗೆ ಹೊಡೆದಿದ್ದ ಬೋರ್ಡೋ ಒಂದು ಕೊಡ ಉಳಿದಿತ್ತು. ಚೆಲ್ಲಾಕೆ ಮನಸ್ಸಾಗ್ಲಿಲ್ಲ, ನಿನ್ನ ಬಳ್ಳಿ ಬುಡಕ್ಕೆ ಹುಯ್ದೀನಿ. ಇನ್ನು ಕೊಳೆ ಹತ್ರ ಬರಲ್ಲ ನೋಡು."

ಎಷ್ಟು ಪ್ರೀತಿಯಿಂದ ಹೇಳಿದರು. ಆ ಮೈಲುತುತ್ತು ನನ್ನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ ಅಂತ ಹೆಂಗೆ ಹೇಳಲಿ? "ಚಲೋ ಆತು ಬಿಡ್ರಿ" ಅಂದೆ.

ಬೋರ್ಡೋ ಮಳೆಗೆ ತೊಳೆದುಹೋಗುತ್ತದೆ. ಕೊಳೆ ಮಳೆಯಲ್ಲೇ ಮರಳಿ ಬರುತ್ತದೆ. ಆಗ ಬೇರು ಕಾಯಲು ಯಾರೂ ಉಳಿದಿರುವುದಿಲ್ಲ. ತವರು ಗೋವಿನಕೋವಿಯಲ್ಲಿ ಅವ್ವನ ಬಳ್ಳಿ ಹೋದ ತಿಂಗಳೇ ಕೊಳೆತು ಸತ್ತಿತು. ನನ್ನ ಈ ಬಳ್ಳಿ ಅದರದೇ ತುಂಡು ನೆಟ್ಟು ಬೆಳೆಸಿದ್ದು. ಇನ್ನೊಂದು ಎಲ್ಲೂ ಇಲ್ಲ.

ತಂದ ಪುಡಿಯೆಲ್ಲ ಮುಗಿದಿದೆ. ಗೋಣಿಚೀಲಕ್ಕೆ ಅಂಟಿದ್ದ ಗೊಬ್ಬರವನ್ನು ಉಗುರಿನಿಂದ ಕೆರೆದು, ತೆಂಗಿನ ಚಿಪ್ಪಿನಲ್ಲಿ ತುಂಬಿ ಮಂಚದ ಕೆಳಗೆ ಬಚ್ಚಿಟ್ಟಿದ್ದೇನೆ. ಅದರಲ್ಲಿ ಜೀವ ಇದೆಯೋ ಇಲ್ಲವೋ ನೋಡಿ ತಿಳಿಯುವ ಹಾಗಿಲ್ಲ. ನಾಳೆ ಅವರು ತೋಟಕ್ಕೆ ಹೋದ ಮೇಲೆ ಬುಡದ ನೀಲಿ ಮಣ್ಣು ತೆಗೆದು, ಇದನ್ನು ಹಾಕಿ—

ಹೆಂಚಿನ ಮೇಲೆ ಹನಿ ಬೀಳುತ್ತಿದೆ.