ಮುಖವಾಡದವನನ್ನು ನೋಡಿ ಕಿರುಚಿದವರಿಗೆ

ಕಪ್ಪತಗುಡ್ಡ,
ಗಾಳಿಶಕೆ ತೊಂಬತ್ತೊಂದು, ಎರಡನೆಯ ಚೈತ್ರದ ಹುಣ್ಣಿಮೆ.
(ನಿಮ್ಮ ಲೆಕ್ಕದಲ್ಲಿ ಇಸವಿ ಎರಡು ಸಾವಿರದ ಇನ್ನೂರ ಮೂವತ್ತರ ಆಸುಪಾಸು.)

ಮುಖವಾಡ ತೊಟ್ಟ ಕೊಲೆಗಾರನ ಸಿನಿಮಾಗಳನ್ನು ಮತ್ತೆ ಮತ್ತೆ ನೋಡಿ ಕಿರುಚುವ ಹಿರಿಯರೇ, ಫಕ್ಕೀರಪ್ಪನ ಶರಣು. ನನ್ನ ಕನ್ನಡ ನಿಮಗೆ ಸೊಟ್ಟಗೆ ಕಂಡರೆ ಮನ್ನಿಸಿ. ಓದಿದ್ದು ಗುಡ್ಡದ ಶಾಲೆಯಲ್ಲಿ ಏಳನೆಯ ತನಕ. ಆದರೆ ಈ ಸಿನಿಮಾಗಳ ವಿಷಯದಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ನನ್ನಂಥ ಪಂಡಿತ ಸಿಗುವುದಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ. ಬೇರೆ ಯಾರೂ ಹೇಳುತ್ತಿಲ್ಲ.

ನಮ್ಮ ಕಾಲದಲ್ಲಿ ಹೆದರಿಕೆ ಇಲ್ಲ. ಹುಟ್ಟಿದ ಕೂಸಿನ ಮುಂಗೈಗೆ ತಣ್ಪಟ್ಟಿ ಕಟ್ಟುತ್ತಾರೆ. ಎದೆ ಡವಗುಟ್ಟಿದೊಡನೆ ಅದು ಮೈಯನ್ನು ತಣಿಸಿಬಿಡುತ್ತದೆ. ಹಾವು ಕಂಡರೂ ‘ಆರಾಮ ಅದೀಯೇನಪಾ’ ಎಂದು ಕೇಳುವ ಜನ ನಾವು. ಇಂಥವರು ನಿಮ್ಮ ಸಿನಿಮಾಗಳನ್ನು ಉಳಿಸಿಕೊಂಡದ್ದು ತಪ್ಪು ತಿಳಿದು. ಒಬ್ಬಳೇ ನೆಲಮಾಳಿಗೆಗೆ ಇಳಿದವಳು ಸಾಯುತ್ತಾಳೆ, ಕಿಟಕಿ ಹಾಕದವನು ಸಾಯುತ್ತಾನೆ: ಇದು ಕೆಲಸಗಾರರ ಸುರಕ್ಷತೆಯ ಪಾಠವೇ ಇರಬೇಕೆಂದು ಶಾಲೆಯ ಕಪಾಟಿನಲ್ಲಿ ಇಟ್ಟರು. ಪಟ್ಟಿ ಕಟ್ಟಿಕೊಂಡೇ ನೋಡಿ, ಆಕಳಿಸಿ, ಮನೆಗೆ ಹೋಗುತ್ತಿದ್ದರು. ಪಟ್ಟಿ ಬಿಚ್ಚಿ ನೋಡಿದ ಮೊದಲ ಗಂಡಸು ನಾನು. ಕಂಬಳಿಯೊಳಗೆ ಹೊಕ್ಕ ಮೊದಲ ಗಂಡಸೂ ನಾನೇ.

ಆ ಕೊಲೆಗಾರರಲ್ಲಿ ಎರಡು ಜಾತಿ. ಒಬ್ಬ ಮಾತೇ ಆಡುವುದಿಲ್ಲ, ಓಡುವುದೂ ಇಲ್ಲ; ಎತ್ತು ಮನೆಗೆ ಬಂದಂತೆ ನಿಧಾನ ಬರುತ್ತಾನೆ. ಇನ್ನೊಬ್ಬ ಚೇಷ್ಟೆಗಾರ, ಚುಡಾಯಿಸಿ ಕೊಲ್ಲುತ್ತಾನೆ. ಎರಡನೆಯವನು ಚಪ್ಪಾಳೆ ಗಿಟ್ಟಿಸುತ್ತಾನೆ, ನಿಜ. ಆದರೆ ಮಾತಾಡುವವನ ಜೊತೆ ಚೌಕಾಸಿಯಾದರೂ ಮಾಡಬಹುದು. ಮಾತಾಡದವನೇ ದೊಡ್ಡವ. ಈ ವಾದದಲ್ಲಿ ನಾನು ಯಾರಿಗೂ ಸೋತಿಲ್ಲ.

ನನ್ನ ತಂಗಿಯ ಮಗಳು ನೀಲವ್ವನಿಗೆ ಗಾಳಿಗಂಬ ಕಾಯುವ ಕೆಲಸದ ಆಸೆ. ಗಾಳಿಗಂಬವೆಂದರೆ ನಮ್ಮ ಊರುಗಳಿಗೆ ಬೆಳಕು ಕೊಡುವ ಪೊಳ್ಳು ಉಕ್ಕಿನ ಗೋಪುರ. ಅದರೊಳಗೆ ತಣ್ಪಟ್ಟಿ ಕೆಲಸ ಮಾಡುವುದಿಲ್ಲ. ಅದಕ್ಕೇ ಬೆದರುಪರೀಕ್ಷೆ: ಏಳೆಂಟು ಮಂದಿಯನ್ನು ಒಟ್ಟಿಗೆ ಕಂಬದೊಳಗೆ ಬಿಟ್ಟು ದೀಪ ಆರಿಸಿ, ಗಂಟೆ ಬಾರಿಸುತ್ತಾರೆ, ಬಾಗಿಲು ಹುಡುಕಿ ಹೊರಬೀಳಬೇಕು. ಮೊದಲ ಸಲ ನೀಲವ್ವ ನಿಂತಲ್ಲೇ ನಿಂತಳು. “ಮಾವಾ, ಎದಿ ಡಬಡಬ ಅಂತು. ಯಾರೋ ಹಲಗಿ ಬಡೀತಾರ ಅಂತ ಕೇಳ್ಕೋತ ನಿಂತೆ,” ಎಂದಳು. ಇನ್ನೊಮ್ಮೆ ತಪ್ಪಿದರೆ ಕಂಬದ ಬಾಗಿಲು ಅವಳಿಗೆ ಜನ್ಮಕ್ಕೂ ಇಲ್ಲ.

ತಾಯಿ ಮಗಳಿಬ್ಬರ ಪಟ್ಟಿ ಬಿಚ್ಚಿಸಿ ನಿಮ್ಮ ಸಿನಿಮಾಗಳ ಮುಂದೆ ಕೂರಿಸಿದೆ. ಮೊದಲು ನೀಲವ್ವ ಕಣ್ಣು ಮುಚ್ಚಿದಳು, ಆಮೇಲೆ ಪರದೆಯವಳಿಗೇ ಬೈಯತೊಡಗಿದಳು: “ಏ ಹುಚ್ಚಿ, ಮ್ಯಾಲೆ ಏರಬ್ಯಾಡ! ಬಾಗಿಲಾ ಆ ಕಡಿ ಐತಿ!” ನನ್ನ ತಂಗಿ ಮಾತ್ರ, “ಅಣ್ಣಾ, ಪಂಡಿತ ಅಂತೀ, ನನ್ನ ತೋಳ ಬಿಡವಲ್ಲಿ,” ಎಂದು ಮಾನ ತೆಗೆದಳು. ಯಾರು ಸಾಯುತ್ತಾರೆಂದು ಗೊತ್ತಿದ್ದೂ ನೀವು ಯಾಕೆ ಮತ್ತೆ ನೋಡುತ್ತಿದ್ದಿರಿ ಎಂಬುದು ನನಗೆ ಆಗ ತಿಳಿಯಿತು. ಮೊದಲ ಸಲ ಒಬ್ಬೊಬ್ಬರೇ ಹೆದರುತ್ತೇವೆ. ಆಮೇಲೆ ಹೆದರಲೆಂದೇ ಕೂಡಿ ಕೂರುತ್ತೇವೆ.

ಹೋದ ವಾರ ಎರಡನೆಯ ಪರೀಕ್ಷೆ. ದೀಪ ಆರಿತು. ಗಂಟೆ ಬಾರಿಸುವ ಮುಂಚೆಯೇ ಕಾಲಡಿಯ ಕಬ್ಬಿಣದ ಅಟ್ಟ ಕರಕರ ಎಂದಿತು. ಜೊತೆಯವರು ತಮ್ಮ ಎದೆಯ ಹಲಗೆ ಬಡಿತ ಕೇಳುತ್ತ ನಿಂತರು. ನೀಲವ್ವ ಕಿರುಚಿದ ರಭಸಕ್ಕೆ ಹೊರಗೆ ನನ್ನ ಕೈಯ ಚಹಾ ಚೆಲ್ಲಿತು. ಇಬ್ಬರ ಕೊರಳಪಟ್ಟಿ ಹಿಡಿದು ಎಳೆದುಕೊಂಡೇ ಬಾಗಿಲಿಗೆ ಬಂದಳು. ಉಳಿದವರು ಅವಳ ದನಿಯ ಹಿಂದೆ ಓಡಿಬಂದರು. ಅಟ್ಟ ಕಳಚಿ ಬಿತ್ತು. ಅದು ಪರೀಕ್ಷೆಯ ಭಾಗವಾಗಿರಲಿಲ್ಲ.

ಹಿರಿಯರೇ, ಇಂಥವನ್ನು ನೋಡುತ್ತೀರೆಂದು ನಿಮ್ಮನ್ನು ಕಂಡು ಮೂಗು ಮುರಿದವರು ಬಹಳ ಇದ್ದರಂತೆ. ಮುರಿಯಲಿ ಬಿಡಿ. ನೀವು ನೋಡಿ ಕಾಪಾಡಿದ್ದರಿಂದ ನಮ್ಮ ಮಕ್ಕಳು ಮನೆಗೆ ಬಂದರು. ಈ ಋಣ ದೊಡ್ಡದು. ನಿಮ್ಮನ್ನು ಕೇಳುವುದು ಇಷ್ಟೇ: ಆ ಸಿನಿಮಾಗಳಿಂದ ಕಿರುಚಾಟವನ್ನು ಯಾರೂ ಕತ್ತರಿಸದಂತೆ ನೋಡಿಕೊಳ್ಳಿ.

ಇಂದು ಬೆಳಿಗ್ಗೆ ನೀಲವ್ವ ಕೆಲಸಕ್ಕೆಂದು ಕಂಬ ಏರಿದಳು. ನಾನು ಪಟ್ಟಿ ಬಿಚ್ಚಿ ಜೇಬಿಗಿಟ್ಟುಕೊಂಡು, ಅವಳು ಇಳಿದು ಬರುವ ತನಕ ಕೆಳಗೇ ನಿಂತಿದ್ದೆ.

ನಿಮ್ಮವ,
ಫಕ್ಕೀರಪ್ಪ